ಮಾರ್ಚಿಗೇ ಮೊಟ್ಟೆ ಕಟ್ಟಿದ ಸಾಫಿ

ರಜೆಯ ದಿನವಾದ ಶುಕ್ರವಾರ ಬೆಳಕು ಹರಿಯುವಾಗ ಮೊಯ್ದಿನ್‌ನ ಪಿಕಪ್ ಕತಾರಿನ ಉಮ್ಮ್ ಸಲಾಲ್‌ನ ನಮ್ಮ ಮನೆಯೆದುರು ನಿಲ್ಲುತ್ತಿತ್ತು. ಗೇಬ್ರಿಯಲ್ ಅದರೊಳಗೆ ಆಗಲೇ ಕೂತಿರುತ್ತಿದ್ದ. ನಾವು ಮೂವರೂ ಮಂಗಳೂರು ಕಡೆಯವರು, ಇಂಡಸ್ಟ್ರಿಯಲ್ ಏರಿಯಾದ ಒಂದೇ ವರ್ಕ್‌ಶಾಪಿನಲ್ಲಿ ದುಡಿಯುವವರು. ಗಂಟೆಯೊಳಗೆ ದೇಶದ ಉತ್ತರದ ತುದಿಯ ರುವೈಸ್ ಜೆಟ್ಟಿಯ ಮೇಲೆ ಗಾಳ ಬಿಟ್ಟು ಕೂರುತ್ತಿದ್ದೆವು. ನಮಗೆ ಬೇಕಾದದ್ದು ಸಾಫಿ. ಅಂಗೈಗಿಂತ ತುಸು ದೊಡ್ಡದಾದ, ಬೆನ್ನ ತುಂಬ ವಿಷಮುಳ್ಳಿರುವ ಮೀನು. ಪಾಚಿ ತಿನ್ನುವ ಅದಕ್ಕೆ ಸಿಗಡಿ ಬೇಡ, ಮೈದಾ ಹಿಟ್ಟಿನ ಉಂಡೆ ಸಾಕು.

ನಮ್ಮೂರ ಹೊಸವರ್ಷವಾದ ಬಿಸು ಹಬ್ಬದ ಆಸುಪಾಸು, ಅಂದರೆ ಏಪ್ರಿಲ್ ನಡುವಿಗೆ, ಸಾಫಿ ದಡಕ್ಕೆ ಗುಂಪುಗುಂಪಾಗಿ ಬರುವುದು ವಾಡಿಕೆ. 2008ರಲ್ಲಿ ಮಾತ್ರ ಮಾರ್ಚಿನಲ್ಲೇ ಬುಟ್ಟಿ ತುಂಬಿತು, ಬಿಸುವಿನ ಹೊತ್ತಿಗೆ ಜೆಟ್ಟಿ ಬರಿದಾಯಿತು. ಗೇಬ್ರಿಯಲ್ ಗಾಳಿಯನ್ನು ದೂರಿದ, ಮೊಯ್ದಿನ್ ಬಲೆಯವರನ್ನು. ನಾನು ಹಿಟ್ಟಿಗೆ ಬೆಳ್ಳುಳ್ಳಿ ಬೆರೆಸಿ ನೋಡಿದೆ. ಪ್ರಯೋಜನವಾಗಲಿಲ್ಲ.

ಆ ದಿನಗಳಲ್ಲೇ ಮೊಯ್ದಿನ್ ತನ್ನ ಅಕ್ಕನ ಮಗಳು ಮಾಜಿದಾಳನ್ನು ಊಟಕ್ಕೆ ನಮ್ಮಲ್ಲಿಗೆ ಕರೆತಂದ. ಕಡಲ ಜೀವಶಾಸ್ತ್ರ ಓದಿದ್ದ ಹುಡುಗಿ, ದೋಹಾದ ಒಂದು ಸಂಶೋಧನಾ ತಂಡದಲ್ಲಿ ಕೆಲಸ. ಉತ್ತರದ ನೀರಿನಲ್ಲಿ ಮೀನಿನ ಕಾಲ ಬದಲಾಗುತ್ತಿದೆಯೇ ಎಂದು ಗಾಳ ಹಾಕುವವರನ್ನೆಲ್ಲ ಕೇಳುತ್ತಿದ್ದಳು. ನಾವು ಉತ್ಸಾಹದಿಂದ ದೊಡ್ಡ ಮೀನುಗಳ ಕಥೆ ಹೇಳಿದೆವು. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಮೊಟ್ಟೆಯಿರುವ ಸಾಫಿ ಯಾವ ವರ್ಷ ಯಾವಾಗ ಸಿಕ್ಕಿತೆಂದು ವಿಚಾರಿಸಿದಳು. ಮೀನಿನ ಚೀಲವನ್ನು ಅಡುಗೆಮನೆಯ ಬಾಗಿಲಲ್ಲಿಟ್ಟು ಸ್ನಾನಕ್ಕೆ ಹೋಗುವ ನಮಗೆ ಅದೆಲ್ಲಿಂದ ಗೊತ್ತಿರಬೇಕು?

ಮೀನಿನ ಗಸಿಯ ಪಾತ್ರೆ ತಂದಿಟ್ಟ ನನ್ನ ಹೆಂಡತಿ ಪೂವಕ್ಕ ಅಲ್ಲೇ ನಿಂತಳು. "ಅದನ್ನು ಇವರತ್ರ ಕೇಳಿ ಪ್ರಯೋಜನ ಇಲ್ಲ. ಮೀನು ಕೊಯ್ಯುವುದು ನಾನು."

ಆಮೇಲೆ ಒಂದೊಂದಾಗಿ ಹೇಳಿದಳು. ಮಗಳು ಅಶ್ವಿತಾ ನಾಲ್ಕನೆಯ ಕ್ಲಾಸಿಗೆ ಸೇರಿದ ವರ್ಷ ಮೊದಲ ಮೊಟ್ಟೆ ಕಂಡದ್ದು ಬಿಸುವಿನ ಮಾರನೆಯ ದಿನ. ಆರನೆಯ ಕ್ಲಾಸಿನ ಪುಸ್ತಕಗಳಿಗೆ ಬೈಂಡ್ ಹಾಕುವಾಗ, ಅಂದರೆ ಏಪ್ರಿಲ್ ಆರಂಭಕ್ಕೇ, ಹೊಟ್ಟೆ ತುಂಬ ಮೊಟ್ಟೆ. ಈ ವರ್ಷ ಮಾರ್ಚಿನ ಗಣಿತ ಪರೀಕ್ಷೆಯ ಬೆಳಿಗ್ಗೆ ಹುಡುಗಿ ತಿಂದು ಹೋದದ್ದೇ ಹುರಿದ ಮೀನುಮೊಟ್ಟೆ. ಬಿಸುವಿಗೆ ಕೊಯ್ದ ನಾಲ್ಕೈದು ಮೀನುಗಳ ಹೊಟ್ಟೆ ಮೊಟ್ಟೆಯಿಟ್ಟು ಮುಗಿದು, ಬರಿದಾದ ಚೀಲದ ಹಾಗೆ ಜೋತಿತ್ತು.

ಮಾಜಿದಾ ಊಟ ಮರೆತು ಬರೆದುಕೊಂಡಳು. ಇದನ್ನೆಲ್ಲ ನನಗ್ಯಾಕೆ ಹೇಳಲಿಲ್ಲ ಎಂದು ನಾನು ಪೂವಕ್ಕನನ್ನು ಕೇಳಿದೆ. ಎರಡು ಸಲ ಹೇಳಿದ್ದೆ, ನೀವು ಕ್ರಿಕೆಟ್ ನೋಡುತ್ತಿದ್ದಿರಿ ಎಂದಳು.

ಮುಂದಿನ ಮಾರ್ಚಿನ ಮೂರನೆಯ ವಾರ ಬಂದು ನೋಡಲು ಪೂವಕ್ಕನೇ ಮಾಜಿದಾಳಿಗೆ ಹೇಳಿದ್ದಳು. ಮರುವರ್ಷ ಆ ವಾರದ ಶುಕ್ರವಾರ ಅವಳು ಮೊದಲ ಸಲ ಜೆಟ್ಟಿಗೆ ಬಂದಳು. ನಾವು ಹಿಡಿದ ಸಾಫಿಗಳ ಮುಳ್ಳನ್ನು ಕತ್ತರಿಯಲ್ಲಿ ಕತ್ತರಿಸಿ, ಹೊಟ್ಟೆಯ ಮೇಲೆ ಹೆಬ್ಬೆರಳಾಡಿಸಿ, ಇದರಲ್ಲಿದೆ, ಇದರಲ್ಲಿಲ್ಲ, ಇದು ಗಂಡು ಎಂದು ಬೇರೆ ಬೇರೆ ಇಟ್ಟಳು. ಆಮೇಲೆ ಮಾಜಿದಾ ಒಂದೊಂದನ್ನೇ ಕೊಯ್ದಳು. ಒಂದೇ ಒಂದು ತಪ್ಪಾಗಿತ್ತು. ಉಳಿದಂತೆ ಹಳದಿ ಮೊಟ್ಟೆ ಪೂವಕ್ಕ ಇದೆಯೆಂದ ಮೀನುಗಳಲ್ಲೇ ಸಿಕ್ಕಿತು. ಗೇಬ್ರಿಯಲ್ ಗಾಳ ಕೆಳಗಿಟ್ಟು ನೋಡುತ್ತ ಕೂತುಬಿಟ್ಟ.

ಮೇ ತಿಂಗಳಲ್ಲಿ ಮಾಜಿದಾಳ ತಂಡ ಮೀನಿನ ಕಾಲದ ಬಗ್ಗೆ ದೋಹಾದಲ್ಲಿ ಸಭೆ ಕರೆಯಿತು. ಮದುವೆಮನೆಗಳಿಗೆಂದು ಎತ್ತಿಟ್ಟಿದ್ದ ಸೀರೆಯುಟ್ಟು ಪೂವಕ್ಕ ಕನ್ನಡದಲ್ಲೇ ಮಾತಾಡಿದಳು. ಮಾಜಿದಾ ಇಂಗ್ಲಿಷಿಗೆ ತಂದಳು. ಕನ್ನಡಕದ ವಿಜ್ಞಾನಿಯೊಬ್ಬರು, ಬರೆದಿಡದೆ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದರು.

"ಬರೆದಿಟ್ಟದ್ದು ಇಲ್ಲ," ಎಂದಳು ಪೂವಕ್ಕ. "ಆದರೆ ಒಂಬತ್ತು ವರ್ಷದಿಂದ ನಮ್ಮ ಮನೆಗೆ ಬಂದ ಒಂದು ಮೀನನ್ನೂ ಬೇರೆಯವರು ಕೊಯ್ದಿಲ್ಲ."

ಎದುರು ಸಾಲಿನಲ್ಲಿ ಕೂತಿದ್ದ ವಯಸ್ಸಾದ ಕತಾರಿ ಮೀನುಗಾರ ಅನುವಾದ ಕೇಳಿ ತಲೆದೂಗಿದರು. ತಾನೂ ಇದನ್ನೇ ಕಂಡಿದ್ದೇನೆ, ಕೇಳಿದವರು ಯಾರೂ ಇರಲಿಲ್ಲ ಎಂದರು. ಹಿಂದಿನ ಸಾಲಿನಲ್ಲಿದ್ದ ನನಗೆ ಎದ್ದು ನಿಲ್ಲಬೇಕೆನಿಸಿತು. ನಾಚಿಕೆಯಾಗಿ ಕೂತೇ ಇದ್ದೆ.

ಮೊಟ್ಟೆಯಿರುವ ಸಾಫಿಯನ್ನು ಕಡಲಿಗೇ ಬಿಡಬೇಕೆಂದು ನಾವು ಮೂವರು ನಿಶ್ಚಯಿಸಿದೆವು. ಮುಂದಿನ ಮಾರ್ಚಿನಲ್ಲಿ ಪೂವಕ್ಕ ನಮ್ಮೊಂದಿಗೆ ಜೆಟ್ಟಿಯಲ್ಲಿದ್ದಳು. ನಾಲ್ಕೈದು ಮಲಯಾಳಿಗಳು ತಮ್ಮ ಮೀನನ್ನೂ ತಂದು ಅವಳ ಮುಂದೆ ಹಿಡಿದರು. ಅವಳು ಬೆರಳಾಡಿಸಿ ಮೊಟ್ಟೆಯಿದೆಯೆಂದು ತಲೆಯಾಡಿಸಿದರೆ ಮೀನು ನೀರಿಗೆ. ಹೊಸಬನೊಬ್ಬ ಈಕೆ ಯಾರೆಂದು ಹಿಂದಿಯಲ್ಲಿ ನನ್ನನ್ನು ಕೇಳಿದ.

ಹೆಂಡತಿ ಎಂದೆ. ಅಷ್ಟು ಸಾಲದೆನಿಸಿ, ಈ ಕಡಲಿನ ಸಾಫಿಯ ಬಗ್ಗೆ ವಿಜ್ಞಾನಿಗಳೂ ಕೇಳುವುದು ಇವಳನ್ನೇ ಎಂದು ಸೇರಿಸಿದೆ.