ಪೂರ್ವದ ಕಿಟಕಿ

ಪೂರ್ವದ ಗೋಡೆಗೆ ಕಿಟಕಿ ಬೇಕೆಂದು ಹಟ ಹಿಡಿದವಳು ನಾನೇ. ಕೊಟ್ಟಿಗೆಯನ್ನು ಮನೆ ಮಾಡುವ ನಕ್ಷೆ ಮೇಜಿನ ಮೇಲಿತ್ತು. ಅಪ್ಪ ನಕ್ಕ.

"ಪೂರ್ವಕ್ಕೆ ಏನಿದೆ ಅಂತ? ಚಳಿಗಾಳಿ ಬರೋದೇ ಅಲ್ಲಿಂದ."

"ಮಿಸ್ ಮನೆ ಕಾಣುತ್ತೆ," ಎಂದೆ.

ಮಿಸ್ ಥ್ವೇಟ್ ನನಗೆ ಓದು ಕಲಿಸಿದವರು. ಹಾಜರಿ ಕರೆದಾಗ ನಾಲಿಗೆ ಏಳದೆ ನಿಲ್ಲುತ್ತಿದ್ದ ನನಗೆ, ಕೈ ಎತ್ತಿದರೆ ಸಾಕು ಎಂದಿದ್ದರು. ನನ್ನ ಮೊದಲ ಡೈರಿ ಅವರೇ ಕೊಟ್ಟದ್ದು. ಪದವಿ ಮುಗಿಸಿ ನಮ್ಮ ಕಣಿವೆಯ ಊರಿಗೆ ಮರಳಿದ ಮೇಲೂ ನನ್ನ ಭಾನುವಾರಗಳು ಅವರ ಅಡುಗೆಮನೆಯಲ್ಲಿ, ಚಹಾ ಮತ್ತು ಶುಂಠಿ ಕೇಕಿನ ಮುಂದೆ ಕಳೆಯುತ್ತಿದ್ದವು.

ನಾವಿದ್ದ ಬಾಡಿಗೆ ಮನೆಯನ್ನು ಮಾಲೀಕರು ವಾರಾಂತ್ಯಕ್ಕೆ ಬರುವ ಪ್ರವಾಸಿಗರಿಗೆ ಕೊಡಲು ಹೊರಟಿದ್ದರು. ಸೆಪ್ಟೆಂಬರಿಗೆ ಖಾಲಿ ಮಾಡಬೇಕು. ನಮ್ಮದೆಂದು ಉಳಿದದ್ದು ಗುಡ್ಡದ ಮೇಲೆ ತಾತನ ಹೊಲದ ಕೊಟ್ಟಿಗೆಯೊಂದೇ. ಕೆಳಗೆ ದನ, ಅಟ್ಟದಲ್ಲಿ ಹುಲ್ಲು ಇದ್ದ ಕಲ್ಲುಕಟ್ಟಡ. ಪರವಾನಗಿ ಸಿಕ್ಕಿದರೆ ಪಕ್ಕದಲ್ಲಿ ಕ್ಯಾರವಾನ್ ನಿಲ್ಲಿಸಿಕೊಂಡು, ಆ ಗಾಲಿಮನೆಯಲ್ಲೇ ಇದ್ದು ಕಟ್ಟಬಹುದು. ಸಿಗದಿದ್ದರೆ ಕಣಿವೆ ಬಿಟ್ಟು ಪಟ್ಟಣ.

ನಮ್ಮ ಅರ್ಜಿಗೆ ಆಕ್ಷೇಪವಿದ್ದವರು ತಿಳಿಸಲೆಂದು ಹೊಲದ ಗೇಟಿಗೆ ಹಳದಿ ನೋಟಿಸು ಕಟ್ಟಿದರು. ಜೂನ್ ಸಂಜೆ ಊರಿನ ಕೌನ್ಸಿಲ್ ಸಭೆ. ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು, ತಲಾ ಮೂರು ನಿಮಿಷ. ಅಪ್ಪ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟುವವ. ಮೂರು ನಿಮಿಷಕ್ಕೆ ಮೂರು ಮಾತೂ ಆಡುವವನಲ್ಲ.

"ನೀವಿಬ್ರೂ ಬಾಯಿ ಬಿಡೋ ಹೊತ್ತಿಗೆ ಚಹಾ ಆರಿ ತಣ್ಣಗಾಗಿರುತ್ತೆ," ಎಂದರು ಮಿಸ್. "ಮಾತಾಡೋಕೆ ನಾನು ಹೆಸರು ಕೊಡ್ತೀನಿ. ನಿನ್ನ ಡೈರಿ ಕೊಟ್ಟಿರು. ಕೊಟ್ಟಿಗೆ ಬಗ್ಗೆ ಏನೇನ್ ಬರ್ದಿದೀಯೋ ನೋಡ್ತೀನಿ."

ಅಪ್ಪನಿಗೂ ತೋರಿಸದ ಡೈರಿ. ಕೊಟ್ಟೆ.

ಸಭೆಯ ಅಧ್ಯಕ್ಷ ಐವ್ಸನ್ ಕಸಾಯಿ ಅಂಗಡಿಯವನು. ಹೊತ್ತು ಅಳೆಯಲು ಮೊಟ್ಟೆ ಬೇಯಿಸುವಾಗ ಇಡುವ ಪುಟ್ಟ ಗಡಿಯಾರವನ್ನು ಮನೆಯಿಂದ ತಂದಿದ್ದ. ಅದನ್ನು ತಿರುಗಿಸಿಟ್ಟು, "ವಿರೋಧವಾಗಿ ಮಾತಾಡೋರು ಮಿಸ್ ಥ್ವೇಟ್," ಎಂದ.

ಹಾಳೆ ಅದಲುಬದಲಾಗಿರಬೇಕೆಂದು ನಾನು ನಕ್ಕೆ. ಮಿಸ್ ನಗಲಿಲ್ಲ. ಕನ್ನಡಕ ಹಾಕಿಕೊಂಡು ನನ್ನ ಡೈರಿ ತೆರೆದರು.

"'ಮಾರ್ಚ್ ಹದಿನಾಲ್ಕು. ಕೊಟ್ಟಿಗೆಗೆ ಗೂಬೆ ಮತ್ತೆ ಬಂದಿದೆ. ಗೂಡು ತೊಲೆಯ ಮೂಲೆಯಲ್ಲಿ. ಬಿಳಿ ಮುಖ ತಿರುಗಿಸಿ ನನ್ನನ್ನೇ ನೋಡಿತು. ನನಗಿಂತ ಹೆಚ್ಚು ನಾಚಿಕೆ ಅದಕ್ಕೆ.'"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಕಿವಿ ಸುಟ್ಟಿತು.

"ಇದನ್ನ ಬರ್ದಿರೋದು ಅರ್ಜಿದಾರರ ಮಗಳೇ. ಗೂಡಲ್ಲಿರೋ ಗೂಬೇನ ಎಬ್ಬಿಸೋದು ಕಾನೂನಿಗೆ ವಿರುದ್ಧ ಅನ್ನೋದು ನಿಮಗೆಲ್ಲ ಗೊತ್ತು."

ಗೊತ್ತಿತ್ತು. ಹತ್ತು ಜನ ತಡೆಯಲಾಗದ ಮನೆಯನ್ನು ಒಂದು ಗೂಬೆ ತಡೆಯುತ್ತದೆ. ಅವರು ಓದಿದ್ದು ಹೋದ ವರ್ಷದ ಮಾರ್ಚಿನದು. ವರ್ಷ ಮಾತ್ರ ಹೇಳಲಿಲ್ಲ.

ಗಡಿಯಾರ ಟ್ರಿಣ್ಣೆಂದಿತು. ಐವ್ಸನ್ ಅಪ್ಪನ ಕಡೆ ತಿರುಗಿದ. "ಅಲ್ಲಯ್ಯಾ, ಅರ್ಜೀಲಿ ಗೂಬೆ ಇಲ್ಲ ಅಂತ ಬರ್ದಿದೀಯ. ಸುಳ್ಳಾ?"

ಅಪ್ಪ ಟೋಪಿಯನ್ನು ಹಿಂಡುತ್ತಾ ಕೂತಿದ್ದ. ನಾನು ಕೈ ಎತ್ತಿದೆ.

"ಕೈ ಎತ್ತಿದ್ರೆ ಸಾಲ್ದು ಕಣಮ್ಮ. ಬಾಯಿ ಬಿಡ್ಬೇಕು."

"ಮಿಸ್," ಎಂದೆ. ದನಿ ನನ್ನದೇ ಎನಿಸಲಿಲ್ಲ. "ಮುಂದಿನ ಪುಟಗಳನ್ನೂ ಓದಿ."

"ನನ್ನ ಮೂರು ನಿಮಿಷ ಮುಗೀತಲ್ಲ, ಮರಿ."

ಎದ್ದು ಹೋಗಿ ಡೈರಿ ಕೈಗೆ ತೆಗೆದುಕೊಂಡೆ. ಅಕ್ಟೋಬರಿನಿಂದಾಚೆಯ ಹಾಳೆಗಳನ್ನೆಲ್ಲ ಒತ್ತಿ ಸೇರಿಸಿ ಮಿಸ್ ಒಂದು ಕ್ಲಿಪ್ಪು ಹಾಕಿದ್ದರು. ಕಿತ್ತೆ. ಉಗುರು ಸೀಳಿತು. ಓದಿದೆ.

"'ಅಕ್ಟೋಬರ್ ಎರಡು. ಹೊಲದಂಚಿನ ಮರಕ್ಕೆ ಗೂಬೆಗೆಂದು ಪೆಟ್ಟಿಗೆ ಕಟ್ಟಿದೆವು. ಅಪ್ಪ ಹತ್ತಿದ. ಏಣಿ ಹಿಡಿದವರು ಮಿಸ್. ಗೂಬೆಗೂ ಹೊಸ ಮನೆ, ನಿಮಗೂ ಹೊಸ ಮನೆ ಎಂದರು.'" ಪುಟಗಳನ್ನು ಮಗುಚಿದೆ. "ಇದು ಈ ವರ್ಷದ್ದು. 'ಮೇ ಇಪ್ಪತ್ತು. ಪೆಟ್ಟಿಗೆಯಲ್ಲಿ ಮೂರು ಮರಿ. ಕೊಟ್ಟಿಗೆ ಖಾಲಿ. ಮಿಸ್‌ಗೆ ಹೇಳಲು ಓಡಿದೆ.'"

ಗಡಿಯಾರ ತಿರುಗಿಸುವುದನ್ನು ಐವ್ಸನ್ ಮರೆತಿದ್ದ.

ಸಭೆ ಮುಗಿದಾಗ ಹೊರಗೆ ಇನ್ನೂ ಬೆಳಕಿತ್ತು. ಮಿಸ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಮೂವತ್ತು ವರ್ಷದಿಂದ ನನ್ನ ಬಾಗಿಲಿಗೆ ಕಾಣೋ ಆ ಗುಡ್ಡದಲ್ಲಿ ಒಂದ್ ದೀಪ ಇಲ್ಲ, ರೋವೆನಾ. ಅದು ಹಾಗೇ ಇರ್ಲಿ ಅಂತ ನಂಗಾಸೆ. ನಿನ್ ಮೇಲೇನೂ ಸಿಟ್ಟಿಲ್ಲ."

ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು.

"ನಂಗೇ ಹೇಳ್ಬಹುದಿತ್ತಲ್ಲ, ಮಿಸ್."

"ಹೇಳಿದ್ರೆ ಡೈರಿ ಕೊಡ್ತಿದ್ಯಾ?"

ಆಗಸ್ಟಿನಲ್ಲಿ ಪರವಾನಗಿ ಬಂತು. ಷರತ್ತು ಎರಡು: ಗೂಬೆಯ ಪೆಟ್ಟಿಗೆ ಎಂದೂ ತೆಗೆಯಬಾರದು; ಒಪ್ಪಿಗೆಯಾದ ನಕ್ಷೆಯಂತೆಯೇ ಕಟ್ಟಬೇಕು.

"ಪೂರ್ವದ ಕಿಟಕಿ ಬೇಡ, ಅಪ್ಪಾ."

ಅಪ್ಪ ಕಾಗದವನ್ನು ಇನ್ನೊಮ್ಮೆ ಓದಿದ. "ನಕ್ಷೇಲಿದೆಯಲ್ಲೇ. ಬದಲಾಯಿಸ್ಬೇಕಂದ್ರೆ ಮತ್ತೆ ಅರ್ಜಿ. ಮತ್ತೆ ಹಳದಿ ನೋಟಿಸು, ಮತ್ತೆ ಐವ್ಸನ್ನನ ಮೊಟ್ಟೆ ಗಡಿಯಾರ. ಪರದೆ ಹಾಕ್ಕೊಂಡ್ರಾಯ್ತು ಬಿಡು."

ಗೋಡೆಯ ಮೇಲೆ ಸೀಮೆಸುಣ್ಣದಿಂದ ಚೌಕ ಗುರುತು ಮಾಡಿ, ಮೊದಲ ಕಲ್ಲನ್ನು ಸಡಿಲಿಸಿ ಒಳಗೆಳೆದ. ಕಂಡಿಯಲ್ಲಿ ನೇರಕ್ಕೆ ಮಿಸ್ ಮನೆಯ ಹೊಗೆಗೂಡು, ಪಕ್ಕದಲ್ಲಿ ಅಡುಗೆಮನೆಯ ನೀಲಿ ಬಾಗಿಲು.

ಎರಡನೆಯ ಕಲ್ಲಿಗೆ ಅಪ್ಪ ಕೈ ಚಾಚಿದ. ನಾನು ಆ ಕೈ ಹಿಡಿದು ತಡೆಯಲಿಲ್ಲ.