ಗಂಟೆಯೊಳಗಿನ ಕಾಗೆ

ಒಡೆದ ಗಂಟೆ ಎರಕದ ಮನೆಯ ಮೂಲೆಯಲ್ಲಿ ಮಗುಚಿಕೊಂಡು ಕೂತು ತಿಂಗಳಾಗಿತ್ತು. ಅದನ್ನೇ ಕರಗಿಸಿ ಹೊಸದು ಎರೆದುಕೊಡಿ ಎಂದು ಪ್ರಾರ್ಥನಾ ಮಂದಿರದವರು ಮೂರು ಸಲ ಬಂದು ಹೇಳಿ ಹೋಗಿದ್ದರು. ಎರಕದ ಮುದುಕ ಮಾತ್ರ ಕುಲುಮೆಗೆ ಕಿಡಿ ಮುಟ್ಟಿಸಿರಲಿಲ್ಲ. ಪ್ರಾಯದಲ್ಲಿ ಅವನೇ ಎರೆದ ಗಂಟೆ ಅದು. ಊರು ಅದರ ದನಿಗೆ ಕೈಮುಗಿದು ಏಳುತ್ತಿತ್ತು. ಕರಗಿಸಿದರೆ ಆ ದನಿಯ ಗುರುತೂ ಹೋಯಿತು. ಮತ್ತೆ ಅದೇ ದನಿ ಬರದಿದ್ದರೆ ದೇವರಿಗೆ ಯಾವ ಮುಖ ತೋರಿಸುವುದು?

ರೇಡಿಯೋ ರಿಪೇರಿ ಮಾಡುವ ಸೊಸೆ ಒಂದು ಬೆಳಿಗ್ಗೆ ತನ್ನ ಹಳೆಯ ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಮಾವನನ್ನು ಕರೆದಳು.

"ಬಿರುಕು ಬಿಡೋ ಮೊದಲು ಗಂಟೆ ದನೀನ ಇದರಲ್ಲಿ ಹಿಡಿದಿಟ್ಟಿದ್ದೆ ಮಾವ. ಕೇಳಿ."

ಕೀ ಒತ್ತಿದಳು. ಢಣ್ ಎಂದಿತು, ಬೆನ್ನಿಗೇ ಒಂದು ಕಾಗೆ ಕಾ ಎಂದಿತು, ಅಲ್ಲಿಗೆ ಕತ್ತರಿಸಿದಂತೆ ನಿಂತಿತು.

"ತಲೆ ಇದೆ, ಬಾಲ ಎಲ್ಲಮ್ಮ?"

"ಇದರ ಹೊಟ್ಟೆಗೆ ಅಷ್ಟೇ ಹಿಡಿಯೋದು. ಒಂದೂವರೆ ಸೆಕೆಂಡು."

ಮುದುಕ ತಾನೇ ಅಕ್ಕಪಕ್ಕದ ಕೀಗಳನ್ನು ಒತ್ತಿ ನೋಡಿದ. ಒಂದೊಂದು ಕೀಗೆ ಅದೇ ದನಿ ಒಂದೊಂದು ಸ್ವರದಲ್ಲಿ ಬಂತು. ಮೇಲಿನ ಸ್ವರದಲ್ಲಿ ಗಂಟೆ ಗೆಜ್ಜೆಯಾಯಿತು, ಕಾಗೆ ಗುಬ್ಬಿಯಾಯಿತು. ಕೆಳಗಿನದರಲ್ಲಿ ಗಂಟೆ ಹಂಡೆಯಾಯಿತು, ಕಾಗೆ ಕಪ್ಪೆಯಾಯಿತು.

"ಪಾಪದ ಕಾಗೆ. ಎಷ್ಟು ಜನ್ಮ ಎತ್ತಿಸುತ್ತಮ್ಮ ಇದು ಅದಕ್ಕೆ?"

"ಹಾಗಾದ್ರೆ ಹಿಡಿಯೋದು ಬೇಡ, ಕಟ್ಟೋಣ," ಎಂದಳು ಸೊಸೆ. "ಬರೀ ಅಂಕಿಯಿಂದಲೇ ದನಿ ಹುಟ್ಟಿಸುತ್ತೆ ಇದು. ನೀವು ಹೇಳ್ತಾ ಹೋಗಿ."

ಮೊದಲು ಹುಟ್ಟಿದ್ದು ಬೋಳು ಶಿಳ್ಳೆಯಂಥ ದನಿ. "ಇದು ಬೆಂಕಿ ಕಂಡಿಲ್ಲ," ಎಂದ ಮುದುಕ. ಆದರೂ ಕುತೂಹಲ ಬಿಡಲಿಲ್ಲ; ಮಣೆ ಎಳೆದುಕೊಂಡು ಕೂತ. ಅಡಿಯಲ್ಲೊಂದು ಗುಂಯ್, ಅದು ಎಲ್ಲಕ್ಕಿಂತ ಕೊನೆಗೆ ಆರಬೇಕು. ಅದರ ಮೇಲೆ ಸಣ್ಣದೊಂದು ಕೊರಗು, ಅದು ಬೇಗ ಅಡಗಬೇಕು. ಹೊಡೆದ ಕ್ಷಣಕ್ಕೆ ಮಾತ್ರ ಒಂದು ಕಿಡಿ. ಅವನು ಹೇಳಿದಂತೆಲ್ಲ ಸೊಸೆ ಅಂಕಿ ಬದಲಿಸಿದಳು. ಊಟದ ಹೊತ್ತಿಗೆ ಗಂಟೆಯೇನೋ ಬಂತು, ಆದರೆ ಯಾರದೋ ಗಂಟೆ.

"ನಮ್ಮದು ಉಸಿರಾಡ್ತಿತ್ತು," ಎಂದ. "ಕೊನೇಲಿ ಆ ಗುಂಯ್ ಏರಿ ಇಳೀತಿತ್ತು, ಮಲಗಿದ ಮಗೂನ ಎದೆ ಹಾಗೆ."

ಸೊಸೆ ಯೋಚಿಸಿ, ಅಡಿಯ ದನಿಯ ಮಗ್ಗುಲಲ್ಲೇ ಕೂದಲೆಳೆಯಷ್ಟು ಏರಿಸಿದ ಇನ್ನೊಂದನ್ನು ಇಟ್ಟಳು. ಟಿವಿಯಿಂದ ಗಂಟೆ ಉಸಿರಾಡುತ್ತ ಬಂತು. ಮುದುಕ ಕಣ್ಣುಮುಚ್ಚಿ ಕೈಮುಗಿದ.

"ಏನು ಮಾಡಿದೆ?"

"ಒಂದೇ ಆಗಬೇಕಿದ್ದ ದನಿ ಎರಡಾಗಿ ಜಗ್ಗಾಡ್ತಿದೆ ಮಾವ, ಅಷ್ಟೇ."

ಅವನು ಎದ್ದು ಹೋಗಿ ಒಡೆದ ಗಂಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸುತ್ತ ತಡವಿದ. ಒಂದು ಕಡೆ ತುಸು ದಪ್ಪ. ಅಂದು ಎರೆಯುವಾಗ ಒಳಗಿನ ಮಣ್ಣಿನ ಅಚ್ಚು ಜರುಗಿತ್ತು. ಆ ತಪ್ಪನ್ನು ಯಾರಿಗೂ ಹೇಳದೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ದನಿ ಎರಡಾಗಿದ್ದು ಈ ದಪ್ಪದಿಂದಲೇ; ದೇವರು ಅದೇ ತಪ್ಪಿಗೆ ಉಸಿರು ಕೊಟ್ಟಿದ್ದ. ದಪ್ಪ ಎಷ್ಟೆಂದು ಕಡ್ಡಿಯೊಂದರ ಮೇಲೆ ಗೆರೆ ಕೊರೆದುಕೊಂಡ.

"ಕುಲುಮೆಗೆ ಇದ್ದಿಲು ತುಂಬಮ್ಮ. ಈ ಸಲ ಅಚ್ಚನ್ನ ನಾನೇ ಜರುಗಿಸ್ತೀನಿ."

"ಕಾಗೆ ಬೇಡ್ವಾ ಮಾವ?"

"ಗಂಟೆ ತೂಗುಹಾಕು. ಅದು ತಾನಾಗೇ ಬರುತ್ತೆ."