ಅಂಗಾಲಿನ ಇರುವೆ

ಸ್ಕ್ಯಾನ್ ಕೋಣೆಯ ದಪ್ಪ ಬಾಗಿಲು ಮುಚ್ಚಿಕೊಂಡಿತು. ಒಳಗೆ ಉಳಿದವರು ನಾನು ಮತ್ತು ನನ್ನ ಮೊಮ್ಮಗಳು. ಅವಳಿಗೆ ಆರು ವರ್ಷ. ಅಳುವಾಗ ಸಣ್ಣ ದನಿ ಎಳೆಯುತ್ತಾಳೆಂದು ಮನೆಯಲ್ಲಿ ಎಲ್ಲರೂ ಪಿಟೀಲು ಎಂದೇ ಕರೆಯುವುದು. ಎರಡು ತಿಂಗಳಿಂದ ಬಿಡದ ತಲೆನೋವು. ಸ್ಕ್ಯಾನ್ ಯಂತ್ರದ ಕೊಳವೆಯೊಳಗೆ ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಿದರೆ ತಲೆಯೊಳಗಿನ ಚಿತ್ರ ಸಿಗುತ್ತದೆ. ಇಲ್ಲವಾದರೆ ಸೂಜಿ ಚುಚ್ಚಿ, ನಿದ್ದೆ ಬರಿಸಿ ತೆಗೆಯಬೇಕು. ಸೂಜಿ ಎಂದರೆ ಅವಳಿಗೆ ಜೀವ ಬಾಯಿಗೆ ಬರುತ್ತದೆ. ಅವಳ ತಾಯಿ, ನನ್ನ ಮಗಳು, ಬಸುರಿ. ಅವಳನ್ನು ಒಳಗೆ ಬಿಡಲಿಲ್ಲ.

ಹೋದ ವರ್ಷ ಇದೇ ಕೊಳವೆಯಲ್ಲಿ, ಈಗಿಲ್ಲದ ನನ್ನ ಹೆಂಡತಿ ಮಲಗಿದ್ದಳು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ದೇವರನ್ನು ನೆನೆಯುತ್ತಿದ್ದೆ. ಒಳಗೆ ಹೋಗಬಹುದೇ ಎಂದು ಯಾರನ್ನೂ ಕೇಳಲಿಲ್ಲ.

“ತಾತ, ಒಳಗೆ ಕಥೆ ಕೇಳ್ಸುತ್ತಾ?”

“ಇಲ್ಲ ಕಣೇ, ಅಲ್ಲಿ ಬಡಗಿಗಳು ಬಡೀತಾನೇ ಇರ್ತಾರೆ. ಅದಕ್ಕೇ ಕಥೇನ ನಿನ್ನ ಕಾಲಿಗೆ ಹೇಳ್ತೀನಿ. ಒಂದು ಇರುವೆ. ಬಾಯಲ್ಲಿ ಸಕ್ಕರೆ. ನಿನ್ನ ಹೆಬ್ಬೆರಳಿಂದ ಹೊರಟು ಹಿಮ್ಮಡೀಲಿರೋ ಮನೆಗೆ ಹೋಗ್ಬೇಕು. ಬೆಟ್ಟ ಅಲ್ಲಾಡಿದ್ರೆ ಸಕ್ಕರೆ ಬಿದ್ದುಹೋಗುತ್ತೆ.”

“ಬೆಟ್ಟ ಯಾರು?”

“ನೀನೇ.”

“ಕಚಗುಳಿ ಆದ್ರೆ?”

“ನಲವತ್ತು ವರ್ಷ ಊರವರಿಗೆಲ್ಲ ಬೂಟು ಹೊಲಿದಿದೀನಿ. ಕಾಲಲ್ಲಿ ಕಚಗುಳಿ ಎಲ್ಲಿದೆ ಅಂತ ನಂಗೊತ್ತು. ಇರುವೆ ಆ ಬೀದಿಗೆ ಹೋಗಲ್ಲ.”

ಮಂಚ ಸರಿದು ಅವಳನ್ನು ಒಳಗೆ ಒಯ್ದಿತು. ಹೊರಗೆ ಉಳಿದದ್ದು ಕಾಲುಗಳು ಮಾತ್ರ. ತಗಡಿನ ಮೇಲೆ ಸುತ್ತಿಗೆ ಬಿದ್ದಂಥ ಸದ್ದಿಗೆ ನನ್ನ ಹಲ್ಲಿನ ಬುಡವೂ ನಡುಗಿತು. ಅವಳ ಅಂಗಾಲಿನ ಮೇಲೆ ನನ್ನ ಬೆರಳನ್ನು ಒತ್ತಿ ಒತ್ತಿ ಇರುವೆಯನ್ನು ನಡೆಸಿದೆ.

ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗಳು ಹತ್ತಿರ ಬಂದಂತೆನಿಸಿತು. ಈ ಸದ್ದಿನಲ್ಲಿ ನನ್ನವಳು ಒಬ್ಬಳೇ ಇದ್ದಳಲ್ಲವೇ. ಹೊರಗೆ ಬಂದು, “ಏನೂ ಇಲ್ಲ ಬಿಡಿ, ಸ್ವಲ್ಪ ಗದ್ದಲ ಅಷ್ಟೇ” ಎಂದಿದ್ದಳು. ನಾನು ನಂಬಿದ್ದೆ. ಎದ್ದು ಓಡಬೇಕೆನಿಸಿತು, ಆ ಬಾಗಿಲು ಒಳಗಿನಿಂದ ಹೇಗೆ ತೆರೆಯುತ್ತದೋ ತಿಳಿದಿರಲಿಲ್ಲ. ಬೆರಳು ಯಾವಾಗ ನಿಂತಿತೋ ಅದೂ ತಿಳಿಯಲಿಲ್ಲ.

ಪಾದ ಮಿಸುಕಿತು. ಮೊಣಕಾಲು ಮೇಲೆದ್ದಿತು. ಸದ್ದು ನಿಂತುಹೋಯಿತು.

ಗಾಜಿನಾಚೆ ಕುಳಿತು ಯಂತ್ರ ನಡೆಸುತ್ತಿದ್ದ ಹೆಂಗಸು ಮೈಕಿನಲ್ಲಿ ಹೇಳಿದಳು: “ಅಲ್ಲಾಡಿಬಿಟ್ಲು ತಾತ. ಮತ್ತೆ ತೆಗೀಬೇಕು. ಇನ್ನೊಂದೇ ಸಲ ನೋಡೋಣ, ಆಗ್ಲಿಲ್ಲ ಅಂದ್ರೆ ಸೂಜೀನೇ.”

ಕೊಳವೆಯೊಳಗಿನಿಂದ ಪಿಟೀಲು ಎಳೆಯಿತು. “ನಂದೇನೂ ತಪ್ಪಿಲ್ಲ. ಇರುವೆ ನಿಂತುಬಿಡ್ತು. ಸತ್ತೋಯ್ತು ಅಂದ್ಕೊಂಡೆ.”

“ಸತ್ತಿಲ್ಲ ಕಂದ. ದಾರೀಲಿ ನಿಮ್ಮಜ್ಜಿ ನೆನಪಾದ್ಲು.”

“ಇರುವೆಗಾ?”

“ಹೂಂ.”

“ನಡೀತಾ ನಡೀತಾ ನೆನಪು ಮಾಡ್ಕೊಳ್ಳಕ್ಕೆ ಬರಲ್ವಾ ಅದಕ್ಕೆ?”

“ಕಲಿಯುತ್ತೆ,” ಎಂದೆ.

ಮತ್ತೆ ಹೆಬ್ಬೆರಳಿನಿಂದ ಹೊರಟೆವು. ಈ ಸಲ ದೇವರಲ್ಲಿ ಬಾಗಿಲು ತೆರೆಸೆಂದು ಕೇಳಲಿಲ್ಲ. ಬೆರಳು ನಿಲ್ಲದಿರಲಿ ಎಂದಷ್ಟೇ ಕೇಳಿದೆ. ಸುತ್ತಿಗೆಗಳು ಬಿದ್ದವು. ಹೆಂಡತಿಯ ನೆನಪು ಬಂತು, ಜೊತೆಗೇ ಉಳಿಯಿತು. ಇರುವೆ ನಡೆಯುತ್ತಲೇ ಇತ್ತು. ಎಷ್ಟು ಸಲ ಮನೆ ಮುಟ್ಟಿ ಹೊಸ ಸಕ್ಕರೆಗೆ ಹಿಂದಿರುಗಿತೋ ಲೆಕ್ಕವಿಲ್ಲ. ಬೆಟ್ಟ ಅಲ್ಲಾಡಲಿಲ್ಲ.

“ಚಿತ್ರ ಸಿಕ್ತು ತಾತ,” ಎಂದಿತು ಮೈಕು. ಆ ಚಿತ್ರದಲ್ಲಿ ಏನಿದೆಯೋ ದೇವರೇ ಬಲ್ಲ. ಬಾಗಿಲು ಇನ್ನೂ ತೆರೆದಿರಲಿಲ್ಲ.

“ತಾತ,” ಎಂದಳು ಪಿಟೀಲು, “ನಿಮ್ಮ ಇರುವೆ ಮನೆ ದಾಟಿ ಮೊಣಕಾಲಿಗೆ ಬರ್ತಾ ಇದೆ.”